ಗೃಹಸ್ಥರೊಡನೆ ನಾಲ್ಕು ಮಾತು: ಮೊದಲನೆಯ ಕೆಲಸಕ್ಕೆ ಬೇಕಾದ ನಡೆನುಡಿ

ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದು ಎರಡು ಮೂರು ತಿಂಗಳು ಕಳೆಯಿತೆಂದರೆ ನಮ್ಮ ಮನೆಗಳಲ್ಲಿ ಒಂದು ಬಗೆಯ ಮೌನವು ನೆಲಸುವುದುಂಟು. ಮಗನೋ ಮಗಳೋ ಪದವಿಯನ್ನು ಪಡೆದದ್ದಾಗಿದೆ, ಸಿಹಿ ಹಂಚಿದ್ದಾಗಿದೆ, ಬಂಧುಗಳು ಬಂದು ಹರಸಿ ಹೋದದ್ದೂ ಆಗಿದೆ. ಆಮೇಲೆ ಅರ್ಜಿಗಳ ಕಾಲವು ಮೊದಲಾಗುತ್ತದೆ. ಹತ್ತಾರು ಅರ್ಜಿಗಳು ಹೋದರೆ ಎಲ್ಲಿಂದಲೋ ಒಂದು ಕರೆ ಬರುತ್ತದೆ. ಹೋಗಿ ಬಂದ ಮಕ್ಕಳು, "ತಿಳಿಸುತ್ತೇವೆ ಎಂದರು" ಎಂದಷ್ಟೇ ಹೇಳಿ ಕೋಣೆಯೊಳಕ್ಕೆ ಸೇರಿಬಿಡುತ್ತಾರೆ. ತಂದೆತಾಯಿಗಳು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಅಂಕಪಟ್ಟಿಯಲ್ಲಿ ಕೊರತೆಯಿಲ್ಲ, ಹಾಗಾದರೆ ಕೊರತೆಯು ಎಲ್ಲಿ? ಈ ಸಲ ಗೃಹಸ್ಥರೊಡನೆ ಈ ಪ್ರಶ್ನೆಯನ್ನೇ ಕುರಿತು ಮಾತನಾಡಬೇಕೆಂದಿದ್ದೇವೆ.

ನಮ್ಮ ಮಿತ್ರರೊಬ್ಬರ ಮಗನು ಬಿ.ಕಾಂ. ಪರೀಕ್ಷೆಯಲ್ಲಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾದವನು. ಮನೆಬಳಕೆಯ ಯಂತ್ರಗಳನ್ನು ಮಾರುವ ಅಂಗಡಿಯೊಂದರವರು, ಲೆಕ್ಕವನ್ನೂ ಗಿರಾಕಿಗಳನ್ನೂ ನೋಡಿಕೊಳ್ಳುವುದಕ್ಕೆ ಒಬ್ಬರು ಬೇಕೆಂದು ಅವನನ್ನು ಕರೆದಿದ್ದರು. ಮಿತ್ರರು ಮಗನನ್ನು ತಾವೇ ಕರೆದುಕೊಂಡು ಹೋದರು. ಅಂಗಡಿಯ ಯಜಮಾನರು ಹುಡುಗನನ್ನು ಎದುರಿಗೆ ಕುಳ್ಳಿರಿಸಿ, "ಏನು ಓದಿದ್ದೀರಿ?" ಎಂದು ಕೇಳಿದರು. ಉತ್ತರ ಕೊಟ್ಟವರು ತಂದೆ. "ಮೊನ್ನೆ ಕೊಂಡುಹೋದ ಮಿಕ್ಸಿ ಕೆಟ್ಟಿದೆಯೆಂದು ಒಬ್ಬರು ಕೂಗಾಡುತ್ತ ಬಂದರೆ ನೀವೇನು ಮಾಡುತ್ತೀರಿ?" ಎಂಬುದು ಎರಡನೆಯ ಪ್ರಶ್ನೆ. ಹುಡುಗನು ತಂದೆಯ ಮುಖವನ್ನು ನೋಡಿದನು. ತಂದೆಯು, "ಅವನು ಬಹಳ ಸಾಧು ಸ್ವಾಮಿ, ಯಾರ ತಂಟೆಗೂ ಹೋಗುವವನಲ್ಲ" ಎಂದರು. ಯಜಮಾನರು ನಕ್ಕು, "ಕೆಲಸಕ್ಕೆ ಬರುವವರು ತಾವೋ, ಇವರೋ?" ಎಂದರಂತೆ. ಕೆಲಸವು ಪಿ.ಯು.ಸಿ.ಯವರೆಗೆ ಮಾತ್ರ ಓದಿದ್ದ ಒಬ್ಬ ಹುಡುಗಿಗೆ ದೊರೆಯಿತು. ಆಕೆಯು ನಾಲ್ಕು ವರ್ಷ ಸಂಜೆಯ ಹೊತ್ತು ತಾಯಿಯ ಹೂವಿನ ಅಂಗಡಿಯಲ್ಲಿ ಕುಳಿತು ವ್ಯಾಪಾರ ನಡೆಸಿದವಳು.

"ರಾಯರೇ, ಇದು ವಿದ್ಯೆಗೆ ಬೆಲೆಯಿಲ್ಲದ ಕಾಲ" ಎಂದು ಮಿತ್ರರು ನಮ್ಮಲ್ಲಿ ಬಂದು ಬಹಳವಾಗಿ ನೊಂದುಕೊಂಡರು. ಅವರ ನೋವು ಸಹಜವಾದದ್ದೇ. ಆದರೆ ಅವರ ಮಾತನ್ನು ನಾವು ಒಪ್ಪಲಿಲ್ಲ. ಆ ಯಜಮಾನರು ವಿದ್ಯೆಯನ್ನು ತಿರಸ್ಕರಿಸಲಿಲ್ಲ. ವಿದ್ಯೆಯ ಜೊತೆಗೆ ಇನ್ನೊಂದನ್ನು ಹುಡುಕಿದರು; ಅದು ಒಬ್ಬರಲ್ಲಿ ಕಂಡಿತು, ಇನ್ನೊಬ್ಬರಲ್ಲಿ ಕಾಣಲಿಲ್ಲ.

ಆ ಇನ್ನೊಂದಕ್ಕೆ ಈಗಿನವರು ಸಾಫ್ಟ್ ಸ್ಕಿಲ್ಸ್ ಎಂದು ಹೆಸರಿಟ್ಟಿದ್ದಾರೆ; ಕನ್ನಡದಲ್ಲಿ ಮೃದುಕೌಶಲಗಳೆಂದು ಬರೆಯುತ್ತಾರೆ. ಈ ಹೆಸರು ಬಳಕೆಗೆ ಬಂದ ಬಗೆಯು ಸ್ವಾರಸ್ಯವಾಗಿದೆ. ಇದನ್ನು ರೂಢಿಗೆ ತಂದವರಲ್ಲಿ ಅಮೆರಿಕದ ಭೂಸೇನೆಯವರು ಮುಖ್ಯರು. ಸೈನಿಕನಿಗೆ ಬಂದೂಕು, ವಾಹನ ಮೊದಲಾದ ಯಂತ್ರಗಳ ಕೆಲಸವನ್ನು ಕಲಿಸುವುದು ಒಂದು. ಜನರನ್ನು ನಡೆಸುವುದು, ಕಾಗದಪತ್ರಗಳನ್ನು ನೋಡಿಕೊಳ್ಳುವುದು, ಇಂತಹ ಯಂತ್ರವಿಲ್ಲದ ಕೆಲಸವನ್ನು ಕಲಿಸುವುದು ಇನ್ನೊಂದು. ಈ ಎರಡನೆಯದನ್ನು ಅವರು ಮೃದುವೆಂದು ಕರೆದರು; 1972ರಲ್ಲಿ ಟೆಕ್ಸಾಸ್ ಪ್ರಾಂತದಲ್ಲಿ ಇದೊಂದನ್ನೇ ಕುರಿತು ಒಂದು ಸಮ್ಮೇಳನವನ್ನೂ ನಡೆಸಿದರು. ಹೆಸರು ಮೃದುವಾದರೂ ವಸ್ತುವು ಮೃದುವಲ್ಲವೆಂಬುದು ಅದನ್ನು ಕಲಿಯಹೊರಟವರಿಗೆಲ್ಲ ತಿಳಿದ ವಿಷಯ. ನಮ್ಮ ಹಿರಿಯರು ಇದನ್ನು ನಡೆನುಡಿ ಎಂದರು. ನಾವೂ ಹಾಗೆಯೇ ಕರೆಯೋಣ.

ನಡೆನುಡಿಯೆಂದರೆ ಸವಿಮಾತಾಡುವುದು ಮಾತ್ರವೇ ಅಲ್ಲ. ಇನ್ನೊಬ್ಬರು ಹೇಳಿದ್ದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವುದು, ತನಗೆ ತಿಳಿದದ್ದನ್ನು ಸ್ಪಷ್ಟವಾಗಿ ಹೇಳುವುದು, ತಿಳಿಯದ್ದನ್ನು ತಿಳಿಯದೆಂದು ಒಪ್ಪಿ ಕೇಳಿಕೊಳ್ಳುವುದು, ಹೇಳಿದ ವೇಳೆಗೆ ಹೋಗುವುದು, ಹಿಡಿದ ಕೆಲಸವನ್ನು ನಡುವೆ ಬಿಡದಿರುವುದು, ತಪ್ಪಾದರೆ ಮುಚ್ಚಿಡದೆ ತಿಳಿಸಿ ಸರಿಪಡಿಸುವುದು, ಕೋಪಗೊಂಡವರ ಎದುರಿಗೆ ತಾನು ಕೋಪಗೊಳ್ಳದಿರುವುದು, ನಾಲ್ಕು ಜನರೊಡನೆ ಹೊಂದಿಕೊಂಡು ನಡೆಯುವುದು: ಇವೆಲ್ಲ ಸೇರಿದರೆ ನಡೆನುಡಿಯಾಗುತ್ತದೆ. ಬಾಯಿದ್ದವನು ಬರಗಾಲದಲ್ಲಿಯೂ ಬದುಕಿದನೆಂಬ ಗಾದೆಯು ವಾಚಾಳಿಯನ್ನು ಕುರಿತದ್ದಲ್ಲ. ಕೇಳಬೇಕಾದಲ್ಲಿ ಕೇಳಬೇಕಾದಂತೆ ಕೇಳಬಲ್ಲವನನ್ನು ಕುರಿತದ್ದು.

ಈ ಗುಣಗಳು ಎಲ್ಲ ಕೆಲಸಕ್ಕೂ ಬೇಕು. ಆದರೆ ಮೊದಲನೆಯ ಕೆಲಸಕ್ಕೆ ಇವುಗಳ ಅಗತ್ಯವು ಹೆಚ್ಚು. ಹತ್ತು ವರ್ಷ ದುಡಿದವನಿಗೆ ಅವನ ಕೆಲಸವೇ ಸಾಕ್ಷಿಯಾಗುತ್ತದೆ. ಹೊಸಬನಿಗೆ ಅಂತಹ ಸಾಕ್ಷಿಯಿಲ್ಲ. ಯಜಮಾನನ ಮೇಜಿನ ಮೇಲೆ ಒಂದೇ ಪದವಿಯ, ಹೆಚ್ಚುಕಡಿಮೆ ಒಂದೇ ಅಂಕಗಳ ನೂರು ಅರ್ಜಿಗಳು ಬಿದ್ದಿರುವಾಗ, ಇವರಲ್ಲಿ ನಾಳೆ ಬೆಳಿಗ್ಗೆ ವೇಳೆಗೆ ಸರಿಯಾಗಿ ಬರುವವರು ಯಾರು, ಮೂರು ತಿಂಗಳಿಗೆ ಬಿಟ್ಟುಹೋಗದವರು ಯಾರು ಎಂಬುದನ್ನು ಅವನು ಊಹಿಸಬೇಕು. ಹತ್ತು ನಿಮಿಷಗಳ ಸಂದರ್ಶನದಲ್ಲಿ ಕಂಡ ನಡೆನುಡಿಯೇ ಆ ಊಹೆಗೆ ಆಧಾರ. ಮೇಲಾಗಿ ಇಂದು ಹೊಸಬರಿಗೆ ದೊರೆಯುವ ಕೆಲಸಗಳನ್ನು ನೋಡಿರಿ: ಅಂಗಡಿಯ ಕಟ್ಟೆ, ಬ್ಯಾಂಕಿನ ಕಿಟಕಿ, ಆಸ್ಪತ್ರೆಯ ವಿಚಾರಣೆಯ ಮೇಜು, ದೂರವಾಣಿಯಲ್ಲಿ ಗಿರಾಕಿಗಳಿಗೆ ಉತ್ತರ ಹೇಳುವ ಕೆಲಸ. ಇವುಗಳಲ್ಲಿ ಜನರೊಡನೆ ವ್ಯವಹರಿಸುವುದೇ ಕೆಲಸ. ಅಮೆರಿಕದಲ್ಲಿ 1980ರಿಂದ 2012ರವರೆಗೆ, ಜನರೊಡನೆ ಹೆಚ್ಚಾಗಿ ಬೆರೆಯಬೇಕಾದ ಕೆಲಸಗಳ ಪಾಲು ಒಟ್ಟು ಕೆಲಸಗಳ ನೂರರಲ್ಲಿ ಸುಮಾರು 12ರಷ್ಟು ಏರಿತೆಂದು ಡೇವಿಡ್ ಡೆಮಿಂಗ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಲೆಕ್ಕಹಾಕಿ ತೋರಿಸಿದ್ದಾರೆ. ಲೆಕ್ಕ ಮಾತ್ರ ಬೇಕಾಗಿ, ಜನರ ಸಂಪರ್ಕವು ಅಷ್ಟಾಗಿ ಬೇಡವಾದ ಕೆಲಸಗಳ ಪಾಲು ಅದೇ ಕಾಲದಲ್ಲಿ ಇಳಿಯಿತು.

ಪರೀಕ್ಷೆಯು ಇವೆಲ್ಲವನ್ನೂ ಅಳೆಯಲಾರದೆಂಬುದಕ್ಕೆ ಆ ದೇಶದಲ್ಲಿಯೇ ಒಂದು ನಿದರ್ಶನವುಂಟು. ಶಾಲೆಯನ್ನು ನಡುವೆ ಬಿಟ್ಟವರು ಜಿ.ಇ.ಡಿ. ಎಂಬ ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಶಾಲೆಯನ್ನು ಮುಗಿಸಿದವರಿಗೆ ಸಮಾನರೆಂದು ಅಲ್ಲಿ ಎಣಿಸುತ್ತಾರೆ. 2000ದಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಜೇಮ್ಸ್ ಹೆಕ್‌ಮನ್ ಎಂಬ ಪಂಡಿತರು ಇಂತಹವರ ಮುಂದಿನ ಬಾಳನ್ನು ಪರಿಶೀಲಿಸಿದರು. ತಿಳಿವಳಿಕೆಯ ಪರೀಕ್ಷೆಗಳಲ್ಲಿ ಇವರು, ಶಾಲೆಯನ್ನು ಮುಗಿಸಿ ಕಾಲೇಜಿಗೆ ಹೋಗದವರಿಗೆ ಸರಿಸಮಾನರು. ಆದರೆ ಸಂಪಾದನೆಯಲ್ಲಿ ಶಾಲೆ ಬಿಟ್ಟ ಇತರರ ಹತ್ತಿರಕ್ಕೇ ನಿಂತರು. ಹಿಡಿದದ್ದನ್ನು ಬಿಡದಿರುವ ಅಭ್ಯಾಸವನ್ನು ಒಂದು ದಿನದ ಪರೀಕ್ಷೆಯು ಅಳೆಯಲೂ ಇಲ್ಲ, ಕೊಡಲೂ ಇಲ್ಲ. ದಿನದಿನವೂ ವೇಳೆಗೆ ಹೋಗಿ ಬಂದು ಪಡೆಯಬೇಕಾದದ್ದು ಅದು.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಗೃಹಸ್ಥರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಏಕೆಂದರೆ ಇಂದು ಬೀದಿಬೀದಿಯಲ್ಲಿಯೂ ಹಣ ತೆಗೆದುಕೊಂಡು ನಡೆನುಡಿಯನ್ನು ಕಲಿಸುತ್ತೇವೆನ್ನುವ ಶಾಲೆಗಳಿವೆ. ಇಲ್ಲಿ ಮೂರು ವಿಷಯಗಳನ್ನು ಮನಸ್ಸಿನಲ್ಲಿಟ್ಟಿರಬೇಕು.

ಮೊದಲನೆಯದು: ನಡೆನುಡಿಯು ಇರುವ ಬಾಗಿಲನ್ನು ತೆರೆಯಬಲ್ಲುದು, ಇಲ್ಲದ ಬಾಗಿಲನ್ನು ಕಟ್ಟಲಾರದು. ಜೋರ್ಡನ್ ದೇಶದಲ್ಲಿ 2010ರ ಸುಮಾರಿಗೆ, ಕಾಲೇಜು ಮುಗಿಸಿದ ತರುಣಿಯರಿಗೆ 45 ಗಂಟೆಗಳ ಕಾಲ ಇಂತಹ ಶಿಕ್ಷಣವನ್ನು ಕೊಟ್ಟು, ಕೊಡದವರೊಡನೆ ಹೋಲಿಸಿ ನೋಡಿದರು. ಕಲಿತವರಲ್ಲಿ ಧೈರ್ಯೋತ್ಸಾಹಗಳು ಹೆಚ್ಚಿದವು. ಕೆಲಸ ದೊರೆತವರ ಸಂಖ್ಯೆಯು ಮಾತ್ರ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಊರಿನಲ್ಲಿ ಕೆಲಸಗಳೇ ಕಡಿಮೆಯಾಗಿದ್ದರೆ ಹುಡುಗನ ವಿನಯವು ಏನು ಮಾಡೀತು? ಆದುದರಿಂದ, ಕೆಲಸ ಸಿಕ್ಕದ ಮಗನನ್ನು "ನಿನಗೆ ಮಾತು ಬಾರದು" ಎಂದು ದಿನವೂ ಚುಚ್ಚುವುದು ಸಲ್ಲದು. ಬಹಳ ಸಲ ತಪ್ಪು ಅವನದಾಗಿರುವುದಿಲ್ಲ.

ಎರಡನೆಯದು: ನಡೆನುಡಿಯನ್ನು ನೋಡುತ್ತೇವೆಂದು ಹೇಳುವವರೆಲ್ಲರೂ ನಡೆನುಡಿಯನ್ನೇ ನೋಡುತ್ತಾರೆಂದು ನಂಬಲಾಗದು. ಸುಖದೇವ ಥೋರಟ್ ಮತ್ತು ಪಾಲ್ ಅಟೆವೆಲ್ ಎಂಬ ವಿದ್ವಾಂಸರು 2007ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದರಲ್ಲಿ, ಯೋಗ್ಯತೆಯು ಒಂದೇ ಆಗಿದ್ದು ಹೆಸರು ಮಾತ್ರ ಬೇರೆಯಾದ ಅರ್ಜಿಗಳನ್ನು ನಮ್ಮ ದೇಶದ ಖಾಸಗಿ ಕಂಪನಿಗಳಿಗೆ ಕಳುಹಿಸಿದ್ದರು. ಮೇಲ್ಜಾತಿಯ ಹಿಂದೂ ಹೆಸರುಗಳಿಗಿಂತ ದಲಿತರ ಹೆಸರುಗಳಿಗೂ ಮುಸಲ್ಮಾನರ ಹೆಸರುಗಳಿಗೂ ಕರೆಗಳು ಕಡಿಮೆಯಾಗಿ ಬಂದವು. ಅಲ್ಲಿ ಯಾರೂ ಯಾರ ನಡೆಯನ್ನೂ ನೋಡಿರಲಿಲ್ಲ, ಹೆಸರೊಂದನ್ನು ನೋಡಿದ್ದರು. ಸಂದರ್ಶನದಲ್ಲಿ ಶಿಫಾರಸು, ಲಂಚಗಳಿಗೆ ಎಡೆಯಾಗುತ್ತದೆಂದು ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ತನ್ನ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಯಜಮಾನರಾಗಿರುವ ನಮ್ಮ ವಾಚಕರಿಗೂ ಇಲ್ಲೊಂದು ಮಾತನ್ನು ಹೇಳಬೇಕಾಗಿದೆ. ಎದುರಿಗೆ ಕುಳಿತವರ ತಂದೆಯ ವೃತ್ತಿಯನ್ನೂ ಮನೆತನವನ್ನೂ ಕೇಳುವುದು ನಡೆನುಡಿಯ ಪರೀಕ್ಷೆಯಲ್ಲ. ಇಂಗ್ಲಿಷಿನ ಉಚ್ಚಾರಣೆಯೂ ಅದರ ಅಳತೆಯಲ್ಲ. ಕನ್ನಡದಲ್ಲಿ ಗಿರಾಕಿಯ ಕೋಪವನ್ನು ಇಳಿಸಬಲ್ಲ ಹುಡುಗಿಯನ್ನು ಬಿಟ್ಟು, ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯಗಳನ್ನು ಬಾಯಿಪಾಠ ಒಪ್ಪಿಸುವವನನ್ನು ಆರಿಸಿಕೊಂಡವರಿಗೆ ನಷ್ಟವೇ ಹೊರತು ಲಾಭವಿಲ್ಲ.

ಮೂರನೆಯದು: ನಡೆನುಡಿಯೆಂದರೆ ತಲೆತಗ್ಗಿಸಿಕೊಂಡಿರುವುದಲ್ಲ. ಇದಕ್ಕೆ ನಮ್ಮ ಬೆಂಗಳೂರಿನದೇ ನಿದರ್ಶನವಿದೆ. ಅಲ್ಲಿನ ಸಿದ್ಧ ಉಡುಪಿನ ಐದು ಕಾರ್ಖಾನೆಗಳಲ್ಲಿ 2013 ಮತ್ತು 2014ರಲ್ಲಿ ಹೊಲಿಗೆಯ ಕೆಲಸದ ಹೆಂಗಸರಿಗೆ ಮಾತುಕತೆ, ವೇಳೆಯ ಬಳಕೆ, ತೊಡಕುಗಳನ್ನು ಬಿಡಿಸಿಕೊಳ್ಳುವ ಬಗೆ, ಹಣದ ಲೆಕ್ಕಾಚಾರ ಮೊದಲಾದವುಗಳನ್ನು ಸುಮಾರು 80 ಗಂಟೆಗಳ ಕಾಲ ಕಲಿಸಿದರು. ಕಲಿಯಲು ಮುಂದೆ ಬಂದವರಲ್ಲಿ ಚೀಟಿ ಎತ್ತಿ ಕೆಲವರನ್ನು ಆರಿಸಿದ್ದುದರಿಂದ, ಕಲಿತವರನ್ನು ಕಲಿಯದವರೊಡನೆ ನ್ಯಾಯವಾಗಿ ಹೋಲಿಸುವುದಕ್ಕೆ ಸಾಧ್ಯವಾಯಿತು. ಕಲಿತವರ ಕೆಲಸದ ಪ್ರಮಾಣವು ನೂರಕ್ಕೆ ಹತ್ತಕ್ಕಿಂತಲೂ ಹೆಚ್ಚಾಗಿ ಏರಿತು. ಹೊಲಿಗೆಯನ್ನು ಯಾರೂ ಹೊಸದಾಗಿ ಕಲಿಸಿರಲಿಲ್ಲ. ತಿಳಿಯದ್ದನ್ನು ಕೇಳುವ ಧೈರ್ಯ ಬಂದಿತು. ಪಕ್ಕದವರಿಂದ ಹೊಸ ಕೈಕೆಲಸಗಳನ್ನೂ ಕಲಿತರು. ದೊಡ್ಡವರಾದ ಮೇಲೆಯೂ, ಹೆಚ್ಚು ಓದದವರೂ ಇದನ್ನು ಕಲಿಯಬಲ್ಲರೆಂಬುದು ಇದರಿಂದ ಸಿದ್ಧವಾಯಿತು. ಆದರೆ ಅವರ ಕೂಲಿಯು ಏರಿದ್ದು ನೂರಕ್ಕೆ ಅರ್ಧದಷ್ಟು ಮಾತ್ರ. ಲಾಭದ ಬಹುಭಾಗವು ಕಾರ್ಖಾನೆಗೆ ಸಂದಿತು. ಇದನ್ನು ಓದಿದಾಗ ನಮ್ಮ ಮನಸ್ಸಿಗೆ ಕಸಿವಿಸಿಯಾಯಿತು. ಹೇಳಿದ ಕೆಲಸವನ್ನು ಚೆನ್ನಾಗಿ ಮಾಡುವುದು ನಡೆನುಡಿಯಾದರೆ, ಮಾಡಿದ ಕೆಲಸಕ್ಕೆ ತಕ್ಕ ಸಂಬಳವನ್ನು ಗೌರವ ಬಿಡದೆ ಕೇಳುವುದೂ ನಡೆನುಡಿಯೇ. ನಮ್ಮ ಮಕ್ಕಳಿಗೆ ಮೊದಲನೆಯದನ್ನು ಮಾತ್ರ ಕಲಿಸಿ ಎರಡನೆಯದನ್ನು ಬಿಟ್ಟರೆ, ನಾವು ಅವರನ್ನು ಇನ್ನೊಬ್ಬರ ಅನುಕೂಲಕ್ಕೆ ಬೆಳೆಸಿದಂತಾಗುತ್ತದೆ.

ಹಾಗಾದರೆ ಇದನ್ನು ಎಲ್ಲಿ ಕಲಿಸಬೇಕು? ಮನೆಯಲ್ಲಿ. ನಮ್ಮ ಮಿತ್ರರು ಮಗನ ವಿಷಯವನ್ನು ಹೇಳುತ್ತ, "ಅವನಿಗೆ ಓದಿನ ಹೊರತು ಬೇರೆ ಯಾವ ತೊಂದರೆಯನ್ನೂ ನಾವು ಕೊಡಲಿಲ್ಲ" ಎಂದು ಹೆಮ್ಮೆಯಿಂದಲೇ ಹೇಳಿದರು. ತೊಡಕಿನ ಬೇರು ಅಲ್ಲಿಯೇ ಇದೆ. ಹಿಂದೆ ಹತ್ತು ವರ್ಷದ ಹುಡುಗನು ನೆರೆಮನೆಗೆ ಹೋಗಿ ಹೇಳಿಕಳುಹಿಸಿದ ಮಾತನ್ನು ತಪ್ಪಿಲ್ಲದೆ ತಿಳಿಸಿ, ಉತ್ತರವನ್ನು ತರುತ್ತಿದ್ದನು. ಮನೆಯ ಹುಡುಗಿಯು ಬಂದವರನ್ನು ಕುಳ್ಳಿರಿಸಿ, ನೀರು ಕೊಟ್ಟು, ಯಾರು ಏಕೆ ಬಂದರೆಂದು ಕೇಳಿಕೊಳ್ಳುತ್ತಿದ್ದಳು. ಈಗ ಸಾಮಾನು ಮನೆಯ ಬಾಗಿಲಿಗೆ ಬರುತ್ತದೆ, ಹಣವು ಮೊಬೈಲಿನಲ್ಲಿಯೇ ಹೋಗುತ್ತದೆ; ನೆಂಟರು ಬಂದರೆ ಮಕ್ಕಳಿಗೆ ಓದುವುದಿದೆಯೆಂದು ಕೋಣೆಯ ಬಾಗಿಲನ್ನು ಮುಚ್ಚುತ್ತೇವೆ. ಇಪ್ಪತ್ತೊಂದು ವರ್ಷ ಹೀಗೆ ಕಾಪಾಡಿ, ಇಪ್ಪತ್ತೆರಡನೆಯ ವರ್ಷದಲ್ಲಿ ಅಪರಿಚಿತರ ಮುಂದೆ ಕೂರಿಸಿ, "ಧೈರ್ಯವಾಗಿ ಮಾತನಾಡು" ಎಂದರೆ ಆ ಮಗು ಏನು ಮಾಡಬೇಕು?

ಆದುದರಿಂದ ನಮ್ಮ ಸೂಚನೆಗಳು ಬಹಳ ಸಣ್ಣವು. ಹೈಸ್ಕೂಲಿಗೆ ಬಂದ ಮಕ್ಕಳಿಗೆ ಮನೆಯ ಹೊರಗಿನ ಒಂದೆರಡು ಕೆಲಸಗಳನ್ನು ಪೂರ್ತಿಯಾಗಿ ಒಪ್ಪಿಸಿರಿ. ವಿದ್ಯುತ್ತಿನ ಬಿಲ್ಲಿನಲ್ಲಿ ತಪ್ಪಿದ್ದರೆ ಕಚೇರಿಗೆ ಅವರೇ ಹೋಗಲಿ; ಬ್ಯಾಂಕಿನಲ್ಲಿ ಅವರೇ ವಿಚಾರಿಸಲಿ; ಕೆಟ್ಟ ವಸ್ತುವನ್ನು ಅಂಗಡಿಗೆ ಹಿಂದಿರುಗಿಸುವಾಗ ಅವರೇ ಮಾತನಾಡಲಿ. ನೀವು ಜೊತೆಗಿದ್ದರೂ ಬಾಯಿ ಬಿಡಬೇಡಿರಿ. ಮೊದಲ ಸಲ ಕೆಲಸವಾಗದೆ ಹಿಂದಿರುಗಿದರೆ ಗದರಿಸದೆ, ಅವರು ಏನೆಂದರು, ನೀನು ಏನೆಂದೆ ಎಂದು ಕೇಳಿರಿ. ಇದರಲ್ಲಿ ಗಂಡುಮಕ್ಕಳು, ಹೆಣ್ಣುಮಕ್ಕಳು ಎಂಬ ಭೇದವು ಬೇಡ. ಹೊರಗಿನ ಕೆಲಸವೆಲ್ಲ ಅಣ್ಣನದು, ಒಳಗಿನದೆಲ್ಲ ತಂಗಿಯದು ಎಂದು ಹಂಚಿದ ಮನೆಯಲ್ಲಿ ಇಬ್ಬರೂ ಅರ್ಧರ್ಧವನ್ನೇ ಕಲಿಯುತ್ತಾರೆ. ಅವರಿಂದ ತಪ್ಪಾದಾಗ ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡಿಸಿರಿ. ನಿಮ್ಮಿಂದ ತಪ್ಪಾದಾಗ ನೀವೂ ಅವರ ಕ್ಷಮೆ ಕೇಳಿರಿ. ಹಿರಿಯರು ಎಂದೂ ತಪ್ಪನ್ನು ಒಪ್ಪದ ಮನೆಯಲ್ಲಿ ಮಕ್ಕಳು ತಪ್ಪನ್ನು ಮುಚ್ಚಿಡುವುದನ್ನೇ ಕಲಿಯುತ್ತಾರೆ.

ಓದುತ್ತಿರುವಾಗಲೇ ರಜೆಯ ದಿನಗಳಲ್ಲಿ ಎಲ್ಲಿಯಾದರೂ ಒಂದಿಷ್ಟು ಕೆಲಸ ಮಾಡುವುದನ್ನು ಅವಮಾನವೆಂದು ಎಣಿಸಬೇಡಿರಿ. ಅಂಗಡಿಯೋ ಮುದ್ರಣಾಲಯವೋ ಗ್ರಂಥಾಲಯವೋ, ಯಾವುದಾದರೂ ಆಗಲಿ. ಬಿಟ್ಟುಬರುವಾಗ, ಅಲ್ಲಿಯ ಹಿರಿಯರಿಂದ, ಈತನು ವೇಳೆಗೆ ಬರುತ್ತಿದ್ದನು, ನಂಬಿಕೆಗೆ ಯೋಗ್ಯನು ಎಂದು ನಾಲ್ಕು ಸಾಲಿನ ಒಂದು ಪತ್ರವನ್ನು ಬರೆಯಿಸಿಕೊಂಡು ಬರಲಿ. ಇಂತಹ ಪತ್ರಕ್ಕೆ ಬೆಲೆಯಿಲ್ಲವೆಂದು ತಿಳಿಯಬಾರದು. ದಕ್ಷಿಣ ಆಫ್ರಿಕದಲ್ಲಿ ನಡೆಸಿದ ಪ್ರಯೋಗವೊಂದರಲ್ಲಿ, ಹಿಂದಿನ ಯಜಮಾನರ ಪತ್ರವನ್ನು ಜೊತೆಗಿಟ್ಟ ಅರ್ಜಿಗಳಿಗೆ, ಇಡದವುಗಳಿಗಿಂತ ನೂರಕ್ಕೆ 60ರಷ್ಟು ಹೆಚ್ಚಾಗಿ ಕರೆ ಬಂದಿತು. ಇದರ ಪ್ರಯೋಜನವು ಹೆಚ್ಚಾಗಿ ದೊರೆತದ್ದು ಹೆಣ್ಣುಮಕ್ಕಳಿಗೆ. ಮೊದಲನೆಯ ಕೆಲಸದಲ್ಲಿ ಸಾಕ್ಷಿಯಿಲ್ಲವೆಂದು ಮೇಲೆ ಹೇಳಿದೆವಷ್ಟೆ; ಈ ಪತ್ರವೇ ಆ ಸಾಕ್ಷಿ. 1961ರ ಅಪ್ರೆಂಟಿಸ್ ಕಾಯಿದೆಯಂತೆ, ಭತ್ಯೆ ಪಡೆಯುತ್ತ ಕೆಲಸ ಕಲಿಯುವ ಅವಕಾಶವು ಐ.ಟಿ.ಐ. ಕಲಿತವರಿಗೂ ಪದವೀಧರರಿಗೂ ಉಂಟೆಂಬುದನ್ನು ಮರೆಯಬಾರದು.

ಸಂದರ್ಶನಕ್ಕೆ ಹೋಗುವವರಿಗೆ ಎರಡು ಮಾತು. ಹಿಂದಿನ ಸಂಜೆ ಮನೆಯಲ್ಲಿಯೇ ಮಾವನೋ ಅತ್ತೆಯೋ ಯಜಮಾನರಾಗಿ ಕುಳಿತು ಪ್ರಶ್ನೆ ಕೇಳಲಿ. ಆ ಸಂಸ್ಥೆಯವರು ಏನು ಮಾಡುತ್ತಾರೆ, ಏನು ಮಾರುತ್ತಾರೆ ಎಂಬುದನ್ನು ಮೊದಲೇ ತಿಳಿದುಕೊಂಡಿರಲಿ. ಗೊತ್ತಿಲ್ಲದ ಪ್ರಶ್ನೆ ಬಂದರೆ, "ಇದು ನನಗೆ ತಿಳಿಯದು, ಕಲಿಸಿದರೆ ಕಲಿಯುತ್ತೇನೆ" ಎಂದು ಹೇಳಿದರೆ ಸಾಕು. "ತಂಡದಲ್ಲಿ ಚೆನ್ನಾಗಿ ಕೆಲಸ ಮಾಡಬಲ್ಲೆ" ಎಂಬ ಬಾಯಿಪಾಠದ ಮಾತಿಗಿಂತ, "ನಮ್ಮ ಬೀದಿಯ ಗಣಪತಿಯ ಹಬ್ಬದಲ್ಲಿ ಚಂದಾ ಹಣದ ಲೆಕ್ಕವನ್ನು ಎರಡು ವರ್ಷ ನಾನು ಬರೆದೆ" ಎಂಬ ಒಂದು ನಿಜವಾದ ಮಾತು ಹೆಚ್ಚು ತೂಕದ್ದು. ಜೊತೆಗೆ ಒಂದು ಎಚ್ಚರಿಕೆ: ಕೆಲಸ ಕೊಡುವುದಕ್ಕೆ ಮೊದಲು ಠೇವಣಿಯೆಂದೋ ಶುಲ್ಕವೆಂದೋ ಹಣ ಕೇಳುವವರನ್ನು ನಂಬಬೇಡಿರಿ, ಮೂಲ ಪ್ರಮಾಣಪತ್ರಗಳನ್ನು ತೋರಿಸಿ ಹಿಂದಕ್ಕೆ ಪಡೆಯಬೇಕೇ ಹೊರತು ಬಿಟ್ಟುಬರಬಾರದು. ವಿನಯದಿಂದ "ಇಲ್ಲ" ಎನ್ನಲು ಬರುವುದೂ ಕಲಿಯಬೇಕಾದ ವಿದ್ಯೆಯೇ.

ನಮ್ಮ ಮಿತ್ರರ ಮಗನ ಮಾತನ್ನು ಹೇಳಿ ಮುಗಿಸುತ್ತೇವೆ. ನಾವು ಹೇಳಿದ್ದು ಅವರಿಗೆ ಮೊದಲು ರುಚಿಸಲಿಲ್ಲ. ಆದರೂ ಮನೆಯ ನೀರಿನ ಬಿಲ್ಲಿನ ತಕರಾರೊಂದನ್ನು ಮಗನಿಗೆ ಒಪ್ಪಿಸಿದರು. ಹುಡುಗನು ಮೂರು ಸಲ ಕಚೇರಿಗೆ ಅಲೆದನು. ಮೊದಲನೆಯ ದಿನ ಸಾಲಿನಲ್ಲಿ ನಿಂತು, ಕೇಳದೆಯೇ ಹಿಂದಿರುಗಿದನು; ಎರಡನೆಯ ದಿನ ಕೇಳಿ, ಬೈಸಿಕೊಂಡು ಬಂದನು; ಮೂರನೆಯ ದಿನ ಹಳೆಯ ರಸೀತಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿಕೊಂಡು ಹೋಗಿ ತಪ್ಪನ್ನು ಸರಿಪಡಿಸಿಕೊಂಡು ಬಂದನು. ಆ ರಾತ್ರಿ ಊಟಕ್ಕೆ ಕುಳಿತಾಗ, ಅಲ್ಲಿ ನಡೆದದ್ದನ್ನೆಲ್ಲ ಅರ್ಧ ಗಂಟೆ ಹೇಳಿದನಂತೆ. "ಅವನು ಅಷ್ಟು ಮಾತನಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ ರಾಯರೇ" ಎಂದು ಮಿತ್ರರು ಹೇಳಿದರು. ಅವನಿಗೆ ಇನ್ನೂ ಕೆಲಸ ದೊರೆತಿಲ್ಲ. ಬರುವ ವಾರ ಮತ್ತೊಂದು ಕಡೆಯಿಂದ ಕರೆ ಬಂದಿದೆ. ಈ ಸಲ ತಂದೆಯು ಮನೆಯಲ್ಲಿಯೇ ಇರಲು ಒಪ್ಪಿದ್ದಾರೆ.